ನನ್ನ ಉಪವಾಸಕ್ಕೆ ಊರಿನ ಕಾವಲು

ಪ್ರೈವೆಸಿ ಎಂಬುದಕ್ಕೆ ನಮ್ಮೂರಿನಲ್ಲಿ ಬಾಗಿಲೂ ಇಲ್ಲ, ಅಗುಳಿಯೂ ಇಲ್ಲ. ಇದನ್ನು ದೂರುತ್ತ ಹೇಳುತ್ತಿದ್ದೇನೋ ಜಂಬದಿಂದ ಹೇಳುತ್ತಿದ್ದೇನೋ, ಇಷ್ಟು ವಯಸ್ಸಾದರೂ ನನಗೇ ಸ್ಪಷ್ಟವಿಲ್ಲ. ಕಾನ್ವೆಂಟಿನಲ್ಲಿ ಬಾಗಿಲು ತಟ್ಟಿ 'ಮೇ ಐ ಕಮ್ ಇನ್' ಎಂದು ಕೇಳುವುದನ್ನು ಕಲಿತು, ಮದುವೆಯಾಗಿ ದೊಡ್ಡಉಳ್ಳಾರ್ತಿಗೆ ಬಂದವಳು ನಾನು. ಇಲ್ಲಿಯವರು ಮೊದಲು ಅಡುಗೆಮನೆಯವರೆಗೆ ಬಂದು, ಆಮೇಲೆ "ಒಳಗೆ ಐದೀಯೇನಕ್ಕಾ?" ಎನ್ನುತ್ತಾರೆ. ಆಸ್ಪತ್ರೆ ದೂರ, ಬಸ್ಸು ಅಪರೂಪ, ಗುಟ್ಟು ಎಂಬುದಂತೂ ಇಲ್ಲವೇ ಇಲ್ಲ. ಆದರೆ ಇಲ್ಲಿ ಯಾರೂ ಹಸಿದು ಮಲಗಿದ್ದನ್ನು ನಾನು ಕಂಡಿಲ್ಲ. ಅದರಲ್ಲೂ ಊರು ದಾಟುವವರು ಬರಿಹೊಟ್ಟೆಯಲ್ಲಿ ದಾಟಕೂಡದು ಎಂಬುದು ಇಲ್ಲಿನ ಸ್ಟ್ರಿಕ್ಟ್ ಕಾನೂನು.

ಈಚೆಗೆ ಆ ಕಾನೂನಿಗೂ ನನ್ನ ಶುಗರಿಗೂ ಜಗಳ ಹತ್ತಿತು. ಚಳ್ಳಕೆರೆಯ ಡಾಕ್ಟರು, "ಬರಿಹೊಟ್ಟೆಯಲ್ಲಿ ಬಂದು ರಕ್ತ ಕೊಡಿ. ಈ ಸಲವೂ ಜಾಸ್ತಿ ಬಂದರೆ ದಿನಾ ಇನ್ಸುಲಿನ್" ಎಂದಿದ್ದರು. ಸೂಜಿ ಎಂದರೆ ನನಗೆ ಈಗಲೂ ಜೀವ ಹಾರುತ್ತದೆ. ಸಿಹಿಯನ್ನೆಲ್ಲ ಬಿಟ್ಟು ಕಾದಿದ್ದು, ಟೆಸ್ಟಿನ ದಿನ ಬೆಳಗ್ಗೆ ಬಸ್ಸಿಗೆ ಹೊರಟರೆ ಪಕ್ಕದ ಮನೆಯ ಬೊಮ್ಮಕ್ಕ ಅಡ್ಡ ನಿಂತಳು.

"ಏನ್ ಉಂಡೆ ಅಕ್ಕಾ?"

"ಏನೂ ಇಲ್ಲ, ಫಾಸ್ಟಿಂಗ್ ಕಣೇ."

"ಯಾವ ದೇವ್ರುದು?"

"ದೇವರದಲ್ಲ, ಡಾಕ್ಟರದು."

"ಉಣ್ದಂಗ್ ಹೋದ್ರೆ ಕೊಡಾಕೆ ರಕ್ತ ಎಲ್ಲಿಂದ ಬರ್ತೈತೆ?"

ಈ ಲಾಜಿಕ್ಕಿಗೆ ಉತ್ತರ ಹುಡುಕುವಷ್ಟರಲ್ಲಿ ಒಂದು ಜೋಳದ ರೊಟ್ಟಿ, ಮೇಲೊಂದಿಷ್ಟು ಶೇಂಗಾ ಚಟ್ನಿ ನನ್ನ ಹೊಟ್ಟೆ ಸೇರಿದ್ದವು. ಲ್ಯಾಬಿನ ಹುಡುಗಿ "ಏನಾದ್ರೂ ತಿಂದಿದೀರಾ?" ಎಂದಾಗ, ಇಲ್ಲವೆನ್ನಲು ಬಾಯಿ ತೆರೆದೆ. ಜೊತೆಗೆ ಬಂದಿದ್ದ ಬೊಮ್ಮಕ್ಕ ಎದೆ ಸೆಟೆಸಿ, "ಹಂಗೇ ಕಳಿಸ್ತೀವಾ? ನಾನೇ ಉಣ್ಸಿ ಕರ್ಕಂಡ್ ಬಂದೀನಿ" ಎಂದಳು. ನಾಳೆ ಬನ್ನಿ ಎಂದು ವಾಪಸ್ ಕಳಿಸಿದರು.

ಬಸ್ಸಿನಲ್ಲಿ ಅವಳಿಗೆ ಬಿಡಿಸಿ ಹೇಳಿದೆ: ತಿಂದು ಹೋದರೆ ಶುಗರ್ ಏರುತ್ತದೆ, ಏರಿದರೆ ದಿನಾ ಸೂಜಿ. ಅವಳ ಮುಖ ಇಳಿಯಿತು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ನೀನ್ ಸುಮ್ಕಿರು, ನಾನ್ ನೋಡ್ಕಂತೀನಿ."

ಮರುದಿನ ಬೊಮ್ಮಕ್ಕ ಆಡಿನ ಹಿಂದೆ ಹೋದಳು. ನನ್ನನ್ನು ಊರೇ ಕಾಯಿತು. ಕುರಿ ಹೊಡೆದುಕೊಂಡು ಹೊರಟವರು ದಾರಿಯಲ್ಲಿ ನಿಂತು "ಏನೂ ತಿಂದಿಲ್ಲ ತಾನೆ?" ಎಂದು ವಿಚಾರಿಸಿದರು. ಬಸ್ಸಿನಲ್ಲಿ ಒಬ್ಬಾಕೆ ನನ್ನ ಬ್ಯಾಗಿಗೇ ಕೈ ಹಾಕಿ ಚೆಕ್ ಮಾಡಿದಳು. ರಕ್ತ ಕೊಟ್ಟೆ. ರಿಪೋರ್ಟ್ ಕಾಣದೆ ತುತ್ತು ಇಳಿಯುವಂತಿರಲಿಲ್ಲ, ಕಾದೆ. ಶುಗರ್ ಹಿಡಿತದಲ್ಲಿತ್ತು. ಸೂಜಿ ತಪ್ಪಿತು!

ಕಣ್ಣು ಕತ್ತಲೆ ಬರುವಷ್ಟು ಹಸಿವು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ನುಗ್ಗಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಹೇಳಿದೆ. ಗಲ್ಲಾದಲ್ಲಿದ್ದ ಸಾಹೇಬರು ಎದ್ದು ಬಂದರು. "ಮಾಫ್ ಮಾಡಿ ಅಮ್ಮಾ. ದೊಡ್ಡಉಳ್ಳಾರ್ತಿ ಇಂಗ್ಲಿಷ್ ಅಮ್ಮ ನೀವೇ ಅಲ್ವಾ? ನಿಮಗೆ ಏನೂ ಕೊಡಬಾರ್ದು ಅಂತ ನಿಮ್ಮೂರಿಂದ ಫೋನ್ ಬಂದೈತೆ."

"ಟೆಸ್ಟ್ ಮುಗೀತು ಸಾಹೇಬ್ರೇ!"

"ಹಂಗೆ ಹೇಳ್ತೀರ ಅಂತಾನೂ ಹೇಳ್ಯಾರೆ."

ಯಾವ ಸರ್ಕಾರಿ ಆರ್ಡರ್ ಇಷ್ಟು ಬೇಗ ಇಷ್ಟು ದೂರ ಮುಟ್ಟಿದ್ದನ್ನು ನೀವು ನೋಡಿದ್ದೀರಿ? ಎದುರಿನ ಟೇಬಲಿನಲ್ಲಿ ಕೂತಿದ್ದವರಿಗೆ ನಾನೇ ಬೀಗುತ್ತ ಹೇಳಿದೆ: "ನೋಡಿದ್ರಾ, ನಮ್ಮೂರು ಅಂದ್ರೆ ಹೀಗೆ!" ಹೇಳಿದ್ದು ಅವರಿಗೆ, ನೋಡುತ್ತಿದ್ದದ್ದು ಮಾತ್ರ ಅವರ ತಟ್ಟೆಯ ಬಜ್ಜಿಯನ್ನು.