ಹುಕ್ಕಾ ನಿಂತ ವಾರ್ಡು

ಆಸ್ಪತ್ರೆಯಲ್ಲಿ ನಗುವುದಕ್ಕೆ ಏನಿರುತ್ತದೆ ಎನ್ನುವವರು ದಿಲ್ಲಿಯ ನಮ್ಮ ವಾರ್ಡಿನಲ್ಲಿ ಒಂದು ವಾರ ನರ್ಸ್ ಕೆಲಸ ಮಾಡಬೇಕು. ಅದರಲ್ಲೂ ಧೂಮಪಾನ ನಿಷೇಧ ಬಂದ ಹೊಸದರಲ್ಲಿ ದಿನಕ್ಕೊಂದು ರಾಮಾಯಣ. ಸರ್ಕಾರವೇನೋ ಬೋರ್ಡು ಹಾಕಿ ಕೈ ತೊಳೆದುಕೊಂಡಿತು. ಜೀವಮಾನದ ಚಟವನ್ನು ಗೇಟಿನಲ್ಲಿ ಬಿಟ್ಟು ಬರಲಾಗದೆ ಒದ್ದಾಡುವವರನ್ನು ಸಂಭಾಳಿಸಬೇಕಾದವಳು ನಾನು. ಪಾಪ ಅನ್ನಿಸುತ್ತಿತ್ತು, ರೇಗುತ್ತಲೂ ಇತ್ತು.

ಪ್ರತ್ಯೇಕ ಆದೇಶ

ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ನಮ್ಮ ಕನ್ನಡದವರೇ ಒಬ್ಬರು ದಾಖಲಾಗಿದ್ದರು. ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಬಾತ್‌ರೂಮಿನಿಂದ ಹೊಗೆ ಬಂತು, ಹೋಗಿ ಬಾಗಿಲು ಬಡಿದೆ.

"ಸಾರ್, ಬೋರ್ಡು ಓದಲಿಲ್ವಾ?"

"ಓದಿದೀನಮ್ಮ. ಅದು ಕಾರಿಡಾರಿಗೆ ಸಂಬಂಧಪಟ್ಟದ್ದು. ಬಾತ್‌ರೂಮಿಗೆ ಪ್ರತ್ಯೇಕ ಆದೇಶ ಬಂದಿಲ್ಲ."

ಬಾತ್‌ರೂಮಿಗೂ ಬೋರ್ಡು ಹಾಕಿಸಿದೆ. ಮೆಟ್ಟಿಲಿಗೆ ಹೋದರು. ಅಲ್ಲಿಗೂ ಹಾಕಿಸಿದೆ, ಬಾಲ್ಕನಿಗೆ ಹೋದರು. ಡಿಸ್ಚಾರ್ಜ್ ಆಗುವ ಹೊತ್ತಿಗೆ ನಮ್ಮಲ್ಲಿ ಮಂಚಗಳಿಗಿಂತ ಬೋರ್ಡುಗಳೇ ಹೆಚ್ಚಾಗಿದ್ದವು. ಹೋಗುವಾಗ ಸುತ್ತ ಕಣ್ಣಾಡಿಸಿ, "ಈಗ ವ್ಯವಸ್ಥೆ ಸರಿಯಾಯ್ತು ನೋಡಮ್ಮ" ಎಂದು ಮೆಚ್ಚುಗೆ ಬೇರೆ ಸೂಚಿಸಿದರು.

ಮಾಡದ ತಪ್ಪು

ಅದೇ ಮಂಚಕ್ಕೆ ಹರಿಯಾಣದ ಹಳ್ಳಿಯ ಮುದುಕನೊಬ್ಬ ಬಂದ. ಜೊತೆಗೆ ಬಂದ ಸೊಸೆಯಿಂದ ಹಿಡಿದು ವಾರ್ಡ್ ಬಾಯ್‌ವರೆಗೆ ಎಲ್ಲರಿಗೂ ಆತ ತಾಊಜೀ, ಅಂದರೆ ದೊಡ್ಡಪ್ಪ. ಕಾಲಿನ ರಕ್ತನಾಳ ಕಟ್ಟಿಕೊಂಡಿತ್ತು. ನಮ್ಮ ಡಾಕ್ಟರು ನೇರವಾಗಿ ಹೇಳಿಬಿಟ್ಟರು: "ಇವತ್ತಿನಿಂದ ಹುಕ್ಕಾ ಬಂದ್. ಇಲ್ಲದಿದ್ದರೆ ಕಾಲು ತೆಗೀಬೇಕಾಗುತ್ತೆ."

ತಾಊ ಗೋಡೆ ಕಡೆ ತಿರುಗಿ ಮಲಗಿದ. ರೊಟ್ಟಿ ಮುಟ್ಟಲಿಲ್ಲ, ಮಾತ್ರೆಯನ್ನೂ ಉಗುಳಿದ. ಡಾಕ್ಟರು ಹಸಿವಿನ ಟಾನಿಕ್ ಬರೆದರು. ಕೊನೆಗೆ ಸೊಸೆ ಸೆರಗಿನ ಮರೆಯಿಂದ ನನಗೆ ಬಿಡಿಸಿ ಹೇಳಿದಳು. ಅವರ ಊರಿನಲ್ಲಿ ದೊಡ್ಡ ತಪ್ಪು ಮಾಡಿದವನಿಗೆ ಪಂಚಾಯಿತಿ ಕೊಡುವ ಶಿಕ್ಷೆಯೇ ಹುಕ್ಕಾ ನಿಲ್ಲಿಸುವುದಂತೆ. ಆಮೇಲೆ ಅವನ ಜೊತೆ ಯಾರೂ ಕೂರುವುದಿಲ್ಲ.

"ನಾನು ಯಾರ ಹೊಲ ಒತ್ತುವರಿ ಮಾಡಿದೆ, ಸಿಸ್ಟರ್ ಜೀ?" ಎಂದು ತಾಊ ಗೋಡೆಗೆ ಮುಖ ಮಾಡಿಯೇ ಕೇಳಿದ. ಟಾನಿಕ್ ಬಾಟಲಿ ಮಾತ್ರ ಮಿಕಿಮಿಕಿ ನೋಡುತ್ತ ಕೂತಿತ್ತು.

ಮಂಚದ ಸುತ್ತ ಪಂಚಾಯಿತಿ

ಸೊಸೆ ಊರಿಗೆ ಫೋನ್ ಮಾಡಿದಳು. ಮರುದಿನ ಪೇಟ ಸುತ್ತಿದ ಹಿರಿಯರ ದಂಡೇ ಬಂತು, ಆಳೆತ್ತರದ ಹುಕ್ಕಾ ಸಮೇತ. ಅದನ್ನು ಗೇಟಿನಲ್ಲೇ ಇಡಿಸಿ ಒಳಗೆ ಬಿಟ್ಟೆವು. ಎಲ್ಲರೂ ಮಂಚದ ಸುತ್ತ ನೆಲದ ಮೇಲೆ ಕೂತರು. ಡಾಕ್ಟರನ್ನೂ ಕರೆಸಿ ಕೂರಿಸಿದರು. ಎಲ್ಲರಿಗಿಂತ ಹಿರಿಯವನು ತೀರ್ಪು ಕೊಟ್ಟ:

"ಇವನ ಕಾಲು ವಾಸಿಯಾಗೋವರೆಗೂ ನಮ್ಮೆಲ್ಲರ ಹುಕ್ಕಾನೂ ಬಂದ್. ಎಲ್ಲರದೂ ನಿಂತ ಮೇಲೆ ಶಿಕ್ಷೆ ಎಲ್ಲಿಂದ ಬಂತು?"

ತಾಊ ಈ ಕಡೆ ಹೊರಳಿ ರೊಟ್ಟಿ ಕೇಳಿದ. ನಾನು ಕಣ್ಣೊರೆಸಿಕೊಂಡೆ. ಡಾಕ್ಟರೂ ಖುಷಿಯಿಂದ ಎದ್ದು ಹೊರಟರು.

"ಠಹರೋ, ನಿಲ್ಲು" ಎಂದ ಹಿರಿಯ. "ಪಂಚಾಯಿತಿಯಲ್ಲಿ ನೀನೂ ಕೂತಿದ್ದೆ. ಜೇಬಿನಲ್ಲಿರೋದು ಇಲ್ಲಿಡು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಬೋರ್ಡು ನೋಡಿದೆ. ಸಿಗರೇಟಿನ ಪ್ಯಾಕೆಟ್ ಹೊರಗೆ ಬಂತು.

ತಾಊನ ಕಾಲು ಉಳಿಯಿತು. ಕೆಲವು ತಿಂಗಳ ನಂತರ ತಪಾಸಣೆಗೆ ತನ್ನ ಕಾಲ ಮೇಲೇ ನಡೆದು ಬಂದ, ಹಿಂದೆ ಅದೇ ಹಿರಿಯರು. ಡಾಕ್ಟರು ಅಕ್ಕರೆಯಿಂದ, "ಬನ್ನಿ ತಾಊಜೀ, ಕಾಲು ತೋರಿಸಿ" ಎಂದರು.

"ಕಾಲು ಆಮೇಲೆ" ಎಂದು ತಾಊ ಮೂಗು ಮುಂದೆ ಚಾಚಿದ. "ಮೊದಲು ನೀನು ಬಾಯಿ ತೆಗಿ."