ಅರ್ಜಿ ಬರಿಯೋನು ಕತಿ ಬರಿಯಾಕ ಹೋಗಿದ್ದು

ಸಿಂಧನೂರಾಗ ಕಚೇರಿ ಮುಂದಿನ ಬೇವಿನ ಗಿಡದ ಕೆಳಗ ಕುಂತು ಇಪ್ಪತ್ತು ವರ್ಷದಿಂದ ಮಂದಿಗೆ ಅರ್ಜಿ ಬರಕೊಡಾಕತ್ತೀನಿ. ಅಷ್ಟಕ್ಕ ಸುಮ್ಮನಿದ್ದಿದ್ರ ಆರಾಮ ಇರ್ತಿದ್ದೆ. ಕತಿಗಾರ ಆಗಬೇಕಂತ ಹುಕಿ ಹತ್ತಿತು ನೋಡ್ರಿ, ಅವತ್ತಿನಿಂದ ವಾರಕ್ಕೊಂದು ಫಜೀತಿ ನನ್ನ ಹುಡುಕ್ಕೊಂಡು ಬರಾಕತ್ತೈತಿ.

ನನಗ ಕನ್ನಡ ಕಲಿಸಿದ ಮಾಸ್ತರು ರಿಟೈರ್ ಆಗಿ ಮಸ್ಕಿಯಾಗ ಅದಾರ. ಹೋಗಿ ಕಾಲು ಬಿದ್ದೆ. "ಬರಿ, ನಾ ತಿದ್ತೀನಿ. ಲಿಂಗಸುಗೂರಾಗ ಕತಿ ಓದೋ ಕಾರ್ಯಕ್ರಮ ಐತಿ, ನಿನ್ನ ಹೆಸರೂ ಕೊಡ್ತೀನಿ. ಆದ್ರ ನೀ ಓದುವಾಗ ಮಂದಿ ಎದ್ದು ಚಾಕ್ಕ ಹೋದ್ರ, ಕತಿ ಅನ್ನೂ ಮಾತು ಅವತ್ತಿಗೇ ಬಿಡಬೇಕು" ಅಂದ್ರು. ಹೂಂ ಅಂದೆ.

೧. ಮೊದಲನೇ ಕತಿ

ಪ್ರೇಮಕತಿ. ಹುಡುಗ ಹುಡುಗಿ ಮುಂದ ಮನಸು ಬಿಚ್ಚೂ ಜಾಗಕ್ಕ ಬಂದೆ. ಕೈ ತಾನಾಗೇ ಓಡಿತು: "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತಮ್ಮನ್ನು ಸುಮಾರು ಎರಡು ವರ್ಷಗಳಿಂದ ಪ್ರೀತಿಸುತ್ತಾ ಬಂದಿದ್ದು, ಕಾರಣ ದಯಾಳುಗಳಾದ ತಾವು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕು."

ಮಾಸ್ತರು ಕನ್ನಡಕ ತಗದು ಒರಸಿಕೊಂಡ್ರು. "ಹುಡುಗಿ ಏನ್ ಮಾಡಿದಳಪ್ಪ? ಒಪ್ಪಿದಳೋ, ಮುಂದಿನ ಟೇಬಲ್ಲಿಗೆ ಕಳಿಸಿದಳೋ?"

೨. ವಾಲಿದ ಕಂಬ

"ದಿನಾ ಬರಿ. ಕಣ್ಣಿಗೆ ಕಟ್ಟಂಗ ಬರಿ" ಅಂದ್ರು ಮಾಸ್ತರು. ದಿನಾ ಬರಿಯೋದಂದ್ರ ನನಗ ಅರ್ಜೀನೇ. ಸಾಲಗುಂದದ ರೈತ ಒಬ್ಬಾತ ಬಂದ. ಅಂಗಳದಾಗ ಕರೆಂಟಿನ ಕಂಬ ವಾಲೈತಿ, ಸರಿಸಾಕ ಅರ್ಜಿ ಬೇಕಂದ. ಬರದೆ ನೋಡ್ರಿ ಎರಡು ಪುಟ! ಅಂಗಳಕ್ಕ ಬರಾಕ ಅಂಜೂ ಅವ್ವ, ಆಟ ಬಿಟ್ಟ ಮಕ್ಕಳು, ಜಾಗ ಬದಲಿಸಿದ ಎಮ್ಮಿ, ಎಲ್ಲಾ ಹಾಕಿದೆ.

ವಾರ ಬಿಟ್ಟು ಆತ ಬಂದ. "ಕರೆಂಟ್ ಆಫೀಸಿನ ಸಾಹೇಬ್ರು ಭಾಳ ಖುಷಿ ಆದ್ರು ರೀ. ಬಾಜೂ ಟೇಬಲ್ಲಿನವರಿಗೂ ಓದಿ ಹೇಳಿದ್ರು."

"ಕಂಬ?"

"ಅಲ್ಲೇ ಐತ್ರಿ. ಇಂಥಾದ್ದ ಇನ್ನೊಂದು ಬರಸ್ಕೊಂಡು ಬಾ ಅಂದಾರ."

೩. ಬಸ್ಸಿನಾಗ ತಿದ್ದಿದಾಕಿ

"ಮಂದಿ ಹೆಂಗ ಮಾತಾಡ್ತಾರ, ಕಿವಿಗೊಟ್ಟು ಕೇಳು" ಅಂದ್ರು ಮಾಸ್ತರು. ಮಸ್ಕಿ ಬಸ್ಸಿನಾಗ ಮುಂದಿನ ಸೀಟಿನಾಕಿ ಗೆಳತಿಗೆ ಸೊಸಿ ಜಗಳ ಹೇಳಾಕತ್ತಿದ್ಲು. ನಾ ಮೆಲ್ಲಕ ಬರಕೊಳ್ಳಾಕತ್ತಿದ್ದೆ. ಗಕ್ಕನ ತಿರುಗಿದ್ಲು. "ಏನ್ರೀ ಅದು?"

"ಕತಿ ರೀ ಅಕ್ಕಾರ..."

"ಓದ್ರಿ ನೋಡೂಣು."

ಓದಿದೆ. "ಅಕಿ ಬೈದದ್ದು ಒಂದು ಸಲ ಅಲ್ಲ, ಮೂರು ಸಲ. ಸರಿಯಾಗಿ ಬರಕೋರಿ!" ಅಂದ್ಲು. ಊರು ಬರೂತನ ತಿದ್ದಿಸಿದ್ಲು, ಮಾಸ್ತರೂ ಅಷ್ಟು ತಿದ್ದಿಲ್ಲ. ಇಳಿಯುವಾಗ ಬೆರಳು ತೋರಿಸಿ, "ನನ್ನ ಹೆಸರು ಹಾಕಬ್ಯಾಡ್ರಿ ಮತ್ತ! ಹಾಕಲೇಬೇಕಂದ್ರ ನಮ್ಮ ನೆಗೆಣ್ಣಿ, ಮೈದುನನ ಹೆಂಡ್ತಿದು ಹಾಕ್ರಿ" ಅಂದು ಹೋದ್ಲು.

೪. ಲಿಂಗಸುಗೂರಾಗ

ಕಡೀಗೂ ಆ ದಿನ ಬಂತು. ನನ್ನ ಕತಿ ಹಿಂಗಿತ್ತು: ಕಾಲುವಿ ಕೊನಿಗೆ ಒಬ್ಬ ಮುದುಕಿ ಭತ್ತ ನಾಟಿ ಮಾಡ್ಯಾಳ. ಅಕಿ ನೀರಿನ ಪಾಳಿ ಬಂದ್ರೂ ಮ್ಯಾಲಿನ ಹೊಲದವರು ನೀರು ಬಿಡವಲ್ರು. ಅರ್ಧ ಓದಿದ್ದೆ, ಚಾದ ಕಿಟ್ಲಿ ಬಾಗಿಲಿಗೆ ಬಂತು, ಯಾಲಕ್ಕಿ ವಾಸನಿ ಘಮ್ಮಂತ ಹರಡಿತು. ಮುಗೀತು ನನ್ನ ಕತಿಗಾರಿಕಿ ಅಂದ್ಕೊಂಡೆ. ಆದ್ರ ಒಬ್ಬರೂ ಏಳಲಿಲ್ಲ! ಖುಷಿಗೆ ಇನ್ನಷ್ಟು ಜೋರಾಗಿ ಓದಿದೆ.

ಕೊನೀ ಸಾಲು ಮುಗಿಯೂದ ತಡ, ಮುಂದಿನ ಸಾಲಿನಾಗ ದಢೇಸುಗೂರಿನ ಹಿರೇ ರೈತರೊಬ್ಬರು ಎದ್ದು ನಿಂತ್ರು. ರುಮಾಲಿನ ಚುಂಗಿಲೆ ಕಣ್ಣು ಒರಸ್ಕೊಂಡು ಅಂದ್ರು, "ನನ್ನ ಹೊಲ ಕಾಲುವಿ ಮ್ಯಾಲಿನ ತುದಿಗೆ ಐತಿ. ನಾಳಿಗೆ ನನ್ನ ಪಾಳಿ. ಆ ಆಯಿಗೆ ಬಿಟ್ಟುಕೊಡ್ತೀನಿ. ಯಾವ ಊರು ಹೇಳ್ರಿ."

"ಯಜಮಾನ್ರ, ಅಂಥಾಕಿ ಯಾರೂ ಇಲ್ರಿ. ನಾ ಕಟ್ಟಿದ ಕತಿ ಅದು."

ಅವರಿಗೆ ಸಿಟ್ಟೇ ಬಂತು. "ಇಲ್ಲಂದ್ರ ಹೆಂಗ್ರೀ? ಇಷ್ಟೊತ್ತು ನಾ ಅತ್ತದ್ದು ಯಾರಿಗೆ? ನೀರು ಕೊಡಾಕ ಮನಸು ಬ್ಯಾರೆ ಮಾಡಿಬಿಟ್ಟೀನಿ!"

ಹಿಂದಿನ ಸಾಲಿನಾಗಿಂದ ಒಬ್ಬಾತ ಮೆಲ್ಲಕ ಕೈ ಎತ್ತಿದ.

"ಯಜಮಾನ್ರ, ನಿಮ್ಮ ಕಾಲುವಿ ಕೊನೀ ಹೊಲ ನಂದ ಐತ್ರಿ. ಮುದುಕಿ ಅಲ್ಲ ಖರೆ, ನಡೀತೈತೇನು ನೋಡ್ರಿ."