ಹಳದಿ ಗುಂಡಿ

ಎಲ್ಲಾ ಶುರುವಾದದ್ದು ಆ ಹಳದಿ ಗುಂಡಿಯಿಂದ.

ನರ್ಸಿಂಗ್ ಓದುವ ಲೋಕೇಶನ ಕಾಲೇಜಿನಲ್ಲಿ ಎಚ್‌ಐವಿ ಬಗ್ಗೆ ಹನ್ನೆರಡು ದಿನದ ಆನ್‌ಲೈನ್ ತರಬೇತಿ. ಸೋಂಕಿದ್ದವರನ್ನು ಕಂಡು ಹೆದರಬಾರದು, ಮುಖ ತಿರುಗಿಸಬಾರದು ಎಂದು ಕಲಿಸುವ ವೀಡಿಯೋ ಪಾಠಗಳು. ಪ್ರಮಾಣಪತ್ರ ಸಿಗದಿದ್ದರೆ ಆಸ್ಪತ್ರೆ ಡ್ಯೂಟಿ ಇಲ್ಲ, ಡ್ಯೂಟಿ ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ. ಪಾಠ ದಿನಾ ನಾಲ್ಕು ಗಂಟೆಗೆ. ಅಘನಾಶಿನಿ ಹೊಳೆದಂಡೆಯಲ್ಲಿ ಕ್ರಿಕೆಟ್ಟೂ ನಾಲ್ಕಕ್ಕೇ. ಆದರೆ ಹತ್ತು ನಿಮಿಷಕ್ಕೊಮ್ಮೆ ಪರದೆಯ ಮೇಲೆ ‘ಇದ್ದೀರಾ?’ ಎಂದು ಹಳದಿ ಗುಂಡಿ ಬರುತ್ತಿತ್ತು, ಒತ್ತದಿದ್ದರೆ ಗೈರುಹಾಜರಿ.

ಜಗಲಿಯಲ್ಲಿ ಅಜ್ಜಿ ನಾಗಿ, ಪಕ್ಕದ ಮನೆಯ ಬಂಗಾರಿಯ ಜೊತೆ ಹೊಳೆಯ ಚಿಪ್ಪಿ ಒಡೆದು ಮಾಂಸ ಬಿಡಿಸುತ್ತಿದ್ದಳು. ಲೋಕೇಶ ಫೋನನ್ನು ಕಂಬಕ್ಕೆ ಒರಗಿಸಿಟ್ಟ.

“ಅಜ್ಜೀ, ಹಳದಿ ಬಂದಾಗ ಒತ್ತು. ಆತಾ?”

“ಕೈಯೆಲ್ಲ ಒದ್ದೆ ಅಲ್ದಾ?”

“ಮೊಣಕೈಲಿ ಒತ್ತೇ!” ಎಂದವನು ಬ್ಯಾಟು ಹಿಡಿದು ಓಡಿದ.

ಅಜ್ಜಿಯ ಮೊಣಕೈ ಕೃಪೆಯಿಂದ ನೂರಕ್ಕೆ ನೂರು ಹಾಜರಿ ಬಿತ್ತು. ಫೋನಿಗೆ ಬಂದ ಪ್ರಮಾಣಪತ್ರ ತೋರಿಸುವ ದಿನ ಕುಮಟಾದ ಕಾಲೇಜಿಗೆ ಬಂದು ಜೇಬು ಮುಟ್ಟಿಕೊಂಡರೆ ಫೋನೇ ಇಲ್ಲ! ಅದು ಜಗಲಿಯ ಕಂಬಕ್ಕೇ ಒರಗಿತ್ತು. ಗೆಳೆಯನ ಫೋನಿನಿಂದ ತನ್ನ ನಂಬರಿಗೇ ಕರೆ ಮಾಡಿದ. “ಅಜ್ಜೀ, ಅದನ್ನ ತಕಂಡು ಬಸ್ ಹತ್ತು!”

“ಫೋನ್ ಬರಲಿ,” ಎಂದರು ತರಬೇತಿಯ ಉಸ್ತುವಾರಿ ನೋಡುವ ಸುಚಿತಾ ಮೇಡಂ. “ಅಷ್ಟರಲ್ಲಿ ಒಳಗೆ ಕೂತವರ ಬಿ.ಪಿ. ನೋಡು, ಹೋಗು.”

ಒಳಗೆ ನರೆಗೂದಲಿನ, ನಗುಮುಖದ ಒಬ್ಬರು ಚಾ ಕುಡಿಯುತ್ತಿದ್ದರು. “ಬಾ ತಮಾ. ಮೊದಲೇ ಹೇಳ್ತೆ, ನಂಗೆ ಎಚ್‌ಐವಿ ಉಂಟು. ಹದಿನೆಂಟು ವರ್ಷ ಆತು.”

ಲೋಕೇಶ ಬುಟ್ಟಿಯಿಂದ ತಪ್ಪಿಸಿಕೊಂಡ ಏಡಿಯ ಹಾಗೆ ಅಡ್ಡಡ್ಡ ಸರಿದ. ಒಂದರ ಮೇಲೊಂದು ಎರಡು ಜೊತೆ ಗ್ಲೌಸು, ಎರಡು ಮಾಸ್ಕು ಏರಿದವು. ಮುಖ ಅತ್ತ ತಿರುಗಿಸಿ, ಕೈ ಉದ್ದ ಚಾಚಿ ಪಟ್ಟಿ ಸುತ್ತಿ ಗಾಳಿ ಹಾಕತೊಡಗಿದ.

“ಕುರ್ಚಿಯ ಬಿ.ಪಿ. ಎಷ್ಟುಂಟು?” ಎಂದರು ಅವರು.

ನೋಡಿದರೆ ಪಟ್ಟಿ ಕುರ್ಚಿಯ ಕೈಗೆ ಬಿಗಿದಿತ್ತು.

“ನನ್ನ ಎಲ್ಲಾದ್ರೂ ಕಂಡಂಗೆ ಆಗ್ತದ್ಯಾ ತಮಾ?”

“ಹೊನ್ನಾವರ ಬಸ್‌ಸ್ಟ್ಯಾಂಡಲ್ಲಿ ಇರ್ಬಹುದು, ಸರ್.”

ಅವರು ನಕ್ಕು ಇನ್ನೊಂದು ಲೋಟ ಚಾ ಮುಂದೆ ಸರಿಸಿದರು. “ನಾನು ಚಾ ಕುಡಿಯೂದಿಲ್ಲ, ಸರ್,” ಎಂದ, ಬೆಳಿಗ್ಗೆಯಿಂದ ಮೂರು ಕುಡಿದಿದ್ದ ಲೋಕೇಶ. ಮಾಸ್ಕುಗಳ ಒಳಗೆ ಅವನ ಬೆವರು ಧಾರಾಕಾರ. ಅವರು ತಮ್ಮ ಕರ್ಚೀಫು ಕೊಟ್ಟರು. ಗಾಬರಿಯಲ್ಲಿ ಅವನು ಒರೆಸಿಕೊಂಡೂ ಬಿಟ್ಟ.

ಆಗ ಬಾಗಿಲು ತೆರೆಯಿತು. ಮೇಡಂ ಹಿಂದೆ ನಾಗಿ, ನಾಗಿಯ ಹಿಂದೆ ಬಂಗಾರಿ.

“ಅಯ್ಯೋ, ಮಾಬ್ಲೇಶ್ವರ ಮಾಸ್ತರು!” ನಾಗಿ ಕೂಗಿಯೇಬಿಟ್ಟಳು. “ಬಂಗಾರೀ, ಕಾಣೇ, ನಮ್ಮ ಫೋನಿನ ಮಾಸ್ತರು!”

ಸೆರಗಿಗೆ ಕೈ ಒರೆಸಿಕೊಂಡು ಅವರ ಕೈ ಹಿಡಿದು ಪಕ್ಕದಲ್ಲೇ ಕೂತಳು. ಮೊಮ್ಮಗನಿಗೆಂದು ತಂದ ಚಿಪ್ಪಿ ಸುಕ್ಕದ ಡಬ್ಬಿ ಮಾಸ್ತರ ಮುಂದೆ ತೆರೆಯಿತು. “ಮಾತ್ರೆ ಹೊತ್ತಿಗೆ ಸರಿಯಾಗಿ ತಗಂತ್ರಿ ಅಲ್ದಾ?”

“ಒಂದು ದಿನವೂ ತಪ್ಪಿಲ್ಲ, ಅಜ್ಜಿ.”

ಬಂಗಾರಿ, ಲೋಕೇಶ ಬೇಡವೆಂದ ಚಾ ಎತ್ತಿ ಕುಡಿಯುತ್ತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇವಂಗೆಂತ ಆತೇ? ಬಿ.ಪಿ. ನೋಡೂಕೆ ಎರಡು ಗ್ಲೌಸಾ? ರಕ್ತ ಮುಟ್ಟೂವಾಗ ಹಾಕಬೇಕು, ಅದೂ ಎಲ್ಲರಿಗೂ ಒಂದೇ ನಮೂನಿ. ಐದನೇ ಪಾಠ!”

ಸುಚಿತಾ ಮೇಡಂ ನಿಧಾನವಾಗಿ ಲೋಕೇಶನತ್ತ ತಿರುಗಿದರು. “ಹನ್ನೆರಡು ದಿನ ಪಾಠ ಮಾಡಿದವರ ಗುರ್ತ ಅಜ್ಜಿಗೆ ಸಿಕ್ತು. ನೂರಕ್ಕೆ ನೂರು ಹಾಜರಿಯ ನಿಂಗೆ ಸಿಕ್ಕಿಲ್ಲ?”

“ಬಯ್ಬೇಡಿ, ಮೇಡಂ,” ಎಂದರು ಮಾಸ್ತರು, ಸುಕ್ಕ ಸವಿಯುತ್ತ. “ಮೊದಲಿಂದ ಇನ್ನೊಮ್ಮೆ ಕೇಳ್ಲಿ. ದಿನದ ಹಾಜರಿಗೆ ನಾಗಜ್ಜಿಯ ಹೆಬ್ಬೆಟ್ಟು ಸಾಕು.”

ಅಂದು ಸಂಜೆ ನಾಲ್ಕಕ್ಕೆ ದಂಡೆಯಿಂದ ಹುಡುಗರ ಸಿಳ್ಳೆ ಕೇಳಿಸಿತು. ಲೋಕೇಶ ಜಗಲಿಯಲ್ಲಿ ಫೋನಿನೆದುರು ಕೂತಿದ್ದ. “ಕೇಳ್ತಾ ಕೇಳ್ತಾ ಕೈ ಯಾಕೆ ಸುಮ್ನೆ ಇರ್ಬೇಕು?” ಎಂದು ನಾಗಿ ಅವನ ಮುಂದೆ ಚಿಪ್ಪಿಯ ಬುಟ್ಟಿ ಸುರಿದಿದ್ದಳು.

ಹಳದಿ ಗುಂಡಿ ಬಂತು. ಲೋಕೇಶ ತನ್ನ ಎರಡೂ ಒದ್ದೆ ಕೈಗಳನ್ನೆತ್ತಿ ದೈನ್ಯದಿಂದ ಅಜ್ಜಿಯ ಮುಖ ನೋಡಿದ.

ನಾಗಿ ತಲೆಯೆತ್ತಲೇ ಇಲ್ಲ.

“ಮೊಣಕೈಲಿ ಒತ್ತಾ!”